ಮೊದಲಿನ ಸಿನಿಮಾದ ರಕ್ತ

ಹನುಮೇಶನ ಹತ್ತಿರ ಕ್ಯಾಮೆರಾ ಇರಲಿಲ್ಲ. ಗಾಜು ಒಡೆದ ಫೋನಿತ್ತು.

ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಅವನು ಬಟ್ಟೆ ಕತ್ತರಿಸುತ್ತಿದ್ದ, ಗೆಳೆಯ ಶಶಿಧರ್ ಹೊಲಿಯುತ್ತಿದ್ದ. ಜಪಾನಿನ ಒಬ್ಬ ನಿರ್ದೇಶಕನ ದೆವ್ವದ ಸಿನಿಮಾಗಳನ್ನೆಲ್ಲ ಇಬ್ಬರೂ ಊಟದ ಬಿಡುವಿನಲ್ಲಿ ನೋಡಿ ಮುಗಿಸಿದ್ದರು. ಅವನ ಮೊದಲಿನ ಸಿನಿಮಾಗಳಲ್ಲಿ ಕತ್ತಿ, ಕಿತ್ತ ಉಗುರು, ಗೋಡೆಗೆ ಚಿಮ್ಮುವ ರಕ್ತ. ವಯಸ್ಸಾದ ಮೇಲೆ ತೆಗೆದವುಗಳಲ್ಲಿ ರಕ್ತವೇ ಇಲ್ಲ. ಅರ್ಧ ತೆರೆದ ಬಾಗಿಲು, ಅದರಾಚೆ ಒಂದು ಸದ್ದು.

"ರೊಕ್ಕ ಬಂತು, ಮುದುಕಗ ಧೈರ್ಯ ಹೋತು," ಎಂದ ಹನುಮೇಶ.

"ಮೊದ್ಲಿನವು ಕುರಿ ಕೊಯ್ದಂಗ. ನೋಡಿದ್ವಿ, ಮುಗೀತು. ಬಾಗಿಲಿಂದು ನೋಡಿ ವಾರಗಟ್ಲೆ ಕಕ್ಕಸಿಗೆ ನನ್ನ ಕರ್ಕಂಡು ಹೋದವ ನೀನಲೇ."

ಆ ಭಾನುವಾರ ಘಟಕಕ್ಕೆ ರಜೆ. ವಾಚ್‌ಮನ್ ಎರ್ರಪ್ಪ ಬೀಗ ತೆಗೆದುಕೊಟ್ಟ. ಕಿರುಚಿತ್ರ ಸ್ಪರ್ಧೆಗೆ ಕಳಿಸಲು ಹನುಮೇಶ ಒಂದೇ ದೃಶ್ಯ ಯೋಚಿಸಿದ್ದ: ಪೇರಿಸಿದ ಜೀನ್ಸ್ ಬಟ್ಟೆಯ ಮೇಲೆ ಒಂದು ಕೈ, ಅದರತ್ತ ಬರುವ ಕಟಿಂಗ್ ಮಷೀನು.

"ಮಷೀನ್ ಬಂದ್ ಇರ್ಲಿ. ಸದ್ದು ಆಮ್ಯಾಲೆ ಹಾಕು," ಎಂದ ಶಶಿಧರ್. "ಈ ಕೈ ಹೋದ್ರ ನಮ್ಮವ್ವಗ ಯಾರು ಅನ್ನ ಹಾಕ್ತಾರ?"

"ಬ್ಲೇಡ್ ಅಲ್ಲಾಡ್ಲಿಲ್ಲಂದ್ರ ಯಾವನು ಅಂಜ್ತಾನ?"

ಹನುಮೇಶ ಸ್ವಿಚ್ ಒತ್ತಿದ. ಮಷೀನು ಸುಮ್ಮನಿತ್ತು. ಕರೆಂಟು ಹೋಗಿತ್ತು.

"ನಿಮ್ಮವ್ವನ ಪುಣ್ಯ. ಇಡು ಕೈ."

ಕರೆಂಟಿಲ್ಲವಲ್ಲ ಎಂದು ಶಶಿಧರ್ ಎಡಗೈ ಇಟ್ಟ. ಒತ್ತಿದ ಸ್ವಿಚ್ಚನ್ನು ಯಾರೂ ಆರಿಸಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಿಂದ ಹನುಮೇಶ ಮಷೀನನ್ನು ಬೆರಳುಗಳ ಹತ್ತಿರಕ್ಕೆ ತಳ್ಳಿದ. ಬ್ಲೇಡು ಉಗುರಿಗೆ ತಾಗಿತು.

"ಕೈ ಅಲ್ಲಾಡಿಸ್ಬ್ಯಾಡ," ಎನ್ನುತ್ತಿರುವಾಗಲೇ ಕರೆಂಟು ಬಂತು.

ಪದರ ಪದರ ಜೀನ್ಸ್ ಕತ್ತರಿಸುವ ಬ್ಲೇಡು ಮೂಳೆ ಸಿಕ್ಕರೂ ನಿಲ್ಲಲಿಲ್ಲ. ಶಶಿಧರ್ ಕೂಗಿದ. ಹನುಮೇಶ ಮಷೀನನ್ನು ಹಿಂದಕ್ಕೆಳೆದ, ಆದರೆ ಫೋನು ಇಳಿಸಲಿಲ್ಲ. ರಕ್ತದ ಕಡೆಗೆ ಬಗ್ಗಿಸಿದ. ಶಶಿಧರ್ ಅದನ್ನು ಕಂಡ. ಬಲಗೈಗೆ ಸಿಕ್ಕ ಕಬ್ಬಿಣದ ಸ್ಕೇಲನ್ನು ಅವನ ಬಾಯಿಗೆ ಬೀಸಿದ. ಬಿದ್ದವನ ಮೇಲೆ ಕೂತು ಮತ್ತೆ ಬೀಸಿದ.

"ವಿಡಿಯೋ ತೆಗಿಲೇ. ಈಗ ತೆಗಿ."

ಎರ್ರಪ್ಪ ಓಡಿ ಬಂದು ತಬ್ಬಿ ಹಿಡಿಯುವವರೆಗೂ ಹೊಡೆದ.

ಆ ವಿಡಿಯೋದಲ್ಲಿ ರಕ್ತ ಮಸುಕಾಗಿದೆ, ನೀರು ಬೆರೆಸಿದ ಕುಂಕುಮದಂತೆ. ಹನುಮೇಶ ಅದನ್ನು ಎಷ್ಟು ಸಲ ಬೇಕಾದರೂ ನೋಡುತ್ತಾನೆ. ಆಮೇಲೆ ಫೋನು ನೆಲಕ್ಕೆ ಬಿದ್ದಿದೆ. ಕಾಣುವುದು ಚಾವಣಿಯಲ್ಲಿ ತಿರುಗುವ ಫ್ಯಾನು, ಉಳಿದದ್ದೆಲ್ಲ ಸದ್ದು. ಅಲ್ಲಿಗೆ ಬಂದಾಗ ನಿಲ್ಲಿಸಿಬಿಡುತ್ತಾನೆ. ಸ್ಪರ್ಧೆಗೆ ಏನನ್ನೂ ಕಳಿಸಲಿಲ್ಲ.

ಶಶಿಧರನ ಎರಡು ಬೆರಳು ಹೋದವು. ಹನುಮೇಶನ ನಾಲ್ಕು ಹಲ್ಲು. ಇಬ್ಬರ ಕೆಲಸವೂ ಹೋಯಿತು.