ಎಡಬದಿಯ ಎಂಟು ಕಿಲೋಮೀಟರ್

ನನ್ನ ಹಳೆಯ ಬಿಳಿ ಮರ್ಸಿಡಿಸ್ ವಾರದಲ್ಲಿ ಆರು ದಿನ ಬೈರುತ್ತಿನ ಬೀದಿಗಳಲ್ಲಿ ಬಾಡಿಗೆ ಹೊಡೆಯುತ್ತದೆ, ಏಳನೆಯ ದಿನ ಮದುಮಗಳ ಕಾರಾಗುತ್ತದೆ. ಮೂವತ್ತೆಂಟು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಮದುವಣಗಿತ್ತಿಯರನ್ನು ಚರ್ಚಿಗೆ ತಲುಪಿಸಿದ್ದೇನೆ. ಒಬ್ಬಳಿಗೂ ನನ್ನಿಂದ ತಡವಾಗಿಲ್ಲ. ಆದ ತಡವೆಲ್ಲ ಕೂದಲು ಕಟ್ಟುವವರಿಂದ ಆದದ್ದು. ಬಾನೆಟ್ಟಿಗೆ ಬಿಳಿ ರಿಬ್ಬನ್, ಕನ್ನಡಿಗಳಿಗೆ ಹೂವು, ಬೆನ್ನ ಹಿಂದೆ ಹಾರ್ನ್ ಬಡಿಯುತ್ತ ಬರುವ ನೆಂಟರ ಇಪ್ಪತ್ತು ಕಾರು. ಹಾರ್ನ್ ಕೇಳಿಸದ ಮದುವೆಯನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ.

ರಿಂದಾಲಾ ನನ್ನ ಒಬ್ಬಳೇ ಮಗಳು. ಫೆಬ್ರವರಿಯ ಒಂದು ಭಾನುವಾರ, ನನ್ನ ಇಬ್ಬರು ಅಕ್ಕಂದಿರು ಊಟಕ್ಕೆ ಬಂದಿದ್ದಾಗ, ಜವಾದ್‌ನನ್ನು ಮದುವೆಯಾಗುವುದಾಗಿ ಹೇಳಿದಳು. ಅವರು ಶಿಯಾ, ನಾವು ಕ್ರೈಸ್ತರು. ನಮ್ಮ ದೇಶದಲ್ಲಿ ಮದುವೆ ಮಾಡಿಸಲು ಪಾದ್ರಿ ಬೇಕು, ಇಲ್ಲವೇ ಶೇಖ್ ಬೇಕು. ಇಬ್ಬರೂ ಬೇಡವೆನ್ನುವವರು ಅರ್ಧ ಗಂಟೆ ಸಮುದ್ರ ಹಾರಿ, ಸೈಪ್ರಸ್ಸಿನ ಯಾವುದಾದರೊಂದು ಪುರಸಭೆಯಲ್ಲಿ ರುಜು ಹಾಕಿ ಬರುತ್ತಾರೆ. ಅದನ್ನು ನಮ್ಮ ಸರಕಾರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಮನೆಯಲ್ಲಿ ಕೂಡದ್ದನ್ನು ಪಕ್ಕದ ಮನೆಯಲ್ಲಿ ಮಾಡಿಬಂದರೆ ತಕರಾರಿಲ್ಲ.

"ಪುರಸಭೆಯಲ್ಲಾ? ಕಂದಾಯ ಕಟ್ಟೋ ಕಡೆ?" ಎಂದು ಕೇಳಿದೆ.

"ಹೌದಪ್ಪ. ಕಂದಾಯದ ಪಕ್ಕದ ಕಿಟಕಿ."

"ಆ ಕಿಟಕಿಗೆ ನಾನು ಬರಲ್ಲ."

"ಇನ್ನೂ ಕರೆದೇ ಇಲ್ವಲ್ಲ."

"ಕರೆದರೂ ಬರಲ್ಲ."

ಅಕ್ಕಂದಿರು ತಟ್ಟೆ ನೋಡಿಕೊಂಡರು. ನನ್ನ ಹೆಂಡತಿ ಸಲ್ವಾ ಬದುಕಿದ್ದರೆ ಮೇಜಿನಡಿಯಿಂದ ನನ್ನ ಕಾಲಿಗೆ ಒದೆಯುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಗಿತ್ತು. ಒದೆಯುವವರಿಲ್ಲದ್ದರಿಂದ ಮಾತು ಹಾಗೆಯೇ ನಿಂತಿತು.

ಮೇ ತಿಂಗಳಲ್ಲಿ ಮಗಳಿಂದ ಒಂದು ಮೆಸೇಜು ಬಂತು: ಊರಿನ ಹೆಸರು, ಶುಕ್ರವಾರ, ಹನ್ನೊಂದೂವರೆ. ಬೇರೇನೂ ಇಲ್ಲ. ನಾನೂ ಬೇರೇನೂ ಬರೆಯಲಿಲ್ಲ. ಊಟದ ಮೇಜಿನಲ್ಲಿ ಎಲ್ಲರೆದುರು ಆಡಿದ್ದನ್ನು ಫೋನಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದು ನನ್ನಂಥವರಿಂದ ಆಗುವ ಕೆಲಸವಲ್ಲ. ನಾನು ಬೇರೆಯೇ ಲೆಕ್ಕ ಹಾಕಿದ್ದೆ. ಅವಳು ರುಜು ಹಾಕಿ ಮೆಟ್ಟಿಲಿಳಿದು ಬರುತ್ತಾಳೆ. ಕೆಳಗೆ ರಿಬ್ಬನ್ ಕಟ್ಟಿದ ಕಾರು, ಹಿಂದಿನ ಬಾಗಿಲು ತೆರೆದು ಹಿಡಿದ ನಾನು. ಅವಳು ಹತ್ತಿ ಕೂರುತ್ತಾಳೆ. ಯಾರೂ ಯಾರನ್ನೂ ಕ್ಷಮೆ ಕೇಳಬೇಕಾಗುವುದಿಲ್ಲ. ಊರಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೋದವನು ತನ್ನ ಮಗಳನ್ನು ಕೂರಿಸಿಕೊಳ್ಳದಿದ್ದರೆ ಹೇಗೆ?

ಶುಕ್ರವಾರ ಬೆಳಿಗ್ಗೆ ಎಂಟಕ್ಕೆಲ್ಲ ಸೈಪ್ರಸ್ಸಿನ ಲಾರ್ನಾಕಾದಲ್ಲಿ ಇಳಿದೆ. ಕಾರು ಬಾಡಿಗೆಗೆ ಕೊಡುವ ಹುಡುಗಿ ನನ್ನ ವಯಸ್ಸನ್ನೂ ಸೂಟನ್ನೂ ಸರದಿಯಂತೆ ನೋಡಿದಳು. ನಮ್ಮಿಬ್ಬರ ಇಂಗ್ಲಿಷೂ ಒಂದೇ ಶಾಲೆಗೆ ಚಕ್ಕರ್ ಹೊಡೆದಂತಿತ್ತು, ಮಾತು ಸಲೀಸಾಯಿತು.

"ಆ ಊರು ಎಂಟೇ ಕಿಲೋಮೀಟರ್ ಸರ್. ಟ್ಯಾಕ್ಸಿ ತಗೊಳ್ಳಿ."

"ನಾನೇ ಟ್ಯಾಕ್ಸಿ."

"ಇಲ್ಲಿ ಎಡಗಡೆ ಓಡಿಸ್ಬೇಕು. ಅಭ್ಯಾಸ ಇದೆಯಾ?"

"ಬೈರುತ್ತಲ್ಲಿ ನಾವು ಎರಡೂ ಕಡೆ ಓಡಿಸ್ತೀವಿ ಮಗಳೇ."

ಅವಳು ನಗಲಿಲ್ಲ. ವಿಮೆಯ ಇನ್ನೊಂದು ಹಾಳೆ ಮುಂದಿಟ್ಟಳು.

ಕಾರು ಬಿಳಿ, ನಂಬರ್ ಪ್ಲೇಟು ಕೆಂಪು. ಬಾಡಿಗೆ ಕಾರಿಗೆಲ್ಲ ಅಲ್ಲಿ ಕೆಂಪೇ; ಕಚ್ಚುವ ನಾಯಿಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ನಿಲುಗಡೆಯಲ್ಲೇ ಬಾನೆಟ್ಟಿಗೆ ರಿಬ್ಬನ್ ಎಳೆದು ಕಟ್ಟಿ, ಕನ್ನಡಿಗಳಿಗೆ ಬಟ್ಟೆಯ ಹೂವು ಸಿಕ್ಕಿಸಿದೆ. ನಮ್ಮೂರ ರೂಢಿಯಂತೆ ಎಡಬಾಗಿಲು ತೆರೆದು ಕೂತೆ. ಸ್ಟೀರಿಂಗ್ ಇರಲಿಲ್ಲ. ಆ ಕಡೆಯಿಂದ ಇಬ್ಬರು ಬರುತ್ತಿದ್ದರು. ಅವರು ದಾಟುವವರೆಗೆ ಮುಂದಿನ ಖಾನೆಯಲ್ಲಿ ಏನೋ ಹುಡುಕುವವನಂತೆ ಕಾಗದ ಮಗುಚಿ, ಇಳಿದು, ಸುತ್ತಿ ಬಂದು ಬಲಗಡೆ ಕೂತೆ.

ಮೂವತ್ತೊಂದು ವರ್ಷ ಸಲ್ವಾ ಕೂತದ್ದು ಕಾರಿನ ಆ ಬದಿಯಲ್ಲಿ. ಎಡಕ್ಕೆ ತಿರುಗಿ ನೋಡಿದರೆ ನಾನು ಕೂರುವ ಜಾಗ ಖಾಲಿ. ಗೇರಿಗೆಂದು ಕೈ ಚಾಚಿದಾಗಲೆಲ್ಲ ಬಾಗಿಲ ಹಿಡಿ ಸಿಗುತ್ತಿತ್ತು. ಇಂಡಿಕೇಟರ್ ಹಾಕಿದರೆ ವೈಪರ್ ಏಳುತ್ತಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಗಾಜು ಒರೆಸಿಕೊಳ್ಳುತ್ತ, ರಿಬ್ಬನ್ ಹಾರಿಸಿಕೊಂಡು, ಒಬ್ಬನೇ ಹೊರಟೆ. ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಮದುಮಗಳನ್ನು ನೋಡಲೆಂದು ಹಿಂದಿನ ಸೀಟಿಗೆ ಬಗ್ಗಿ ಇಣುಕಿದಳು. ಅಲ್ಲಿ ನನ್ನ ಕೋಟು ಮಲಗಿತ್ತು.

ಮೊದಲ ವೃತ್ತದಲ್ಲಿ ಮೂರು ಸುತ್ತು ಹಾಕಿದೆ. ನಾನು ಕಲಿತ ವೃತ್ತ ಇನ್ನೊಂದು ದಿಕ್ಕಿಗೆ ಸುತ್ತುವಂಥದ್ದು. ಇದರಲ್ಲಿ ಹೊರಬೀಳುವ ದಾರಿಗಳೆಲ್ಲ ನಾನು ನೋಡದ ಕಡೆಯಿಂದ ಬಂದು ಹೋಗುತ್ತಿದ್ದವು. ಕೊನೆಗೆ ಸಿಕ್ಕ ದಾರಿಯಲ್ಲಿ ನುಸುಳಿದರೆ ಅದು ಹೆದ್ದಾರಿ, ತಿರುಗಲು ಎಡೆಯಿಲ್ಲ. ಇಪ್ಪತ್ತು ಕಿಲೋಮೀಟರ್ ಯಾವುದೋ ಊರಿನ ಕಡೆ ಹೋಗಿ, ಅಷ್ಟೇ ದೂರ ವಾಪಸು ಬಂದೆ. ಕಾರು ತಾನಾಗಿ ಎಡ ಅಂಚಿಗೆ ವಾಲುತ್ತಿತ್ತು. ಬೇಲಿಯ ಕಣಗಿಲೆ ಎಡಗನ್ನಡಿಯ ಹೂವನ್ನು ಕಿತ್ತುಕೊಂಡಿತು. ಸಲ್ವಾ ಇದ್ದಾಗ ಅಂಚು ಕಾಯುವ ಕೆಲಸ ಅವಳದಾಗಿತ್ತು, ನನ್ನ ಹೆಸರು ಹಿಡಿದು ಕೂಗುತ್ತಿದ್ದಳು: "ಗೋಡೆ, ನಖ್ಲೆ, ಗೋಡೆ!" ಅದನ್ನು ನಾನು ಕಿರಿಕಿರಿ ಅಂದುಕೊಂಡಿದ್ದೆ.

ಹತ್ತೂ ಮುಕ್ಕಾಲಿಗೆ ಊರಿನ ದಾರಿ ಸಿಕ್ಕಿತು. ಮೂರು ಕಿಲೋಮೀಟರ್ ಉಳಿದಿತ್ತು. ಅಲ್ಲೊಂದು ಕವಲು. ಪಕ್ಕದ ರಸ್ತೆಯ ಬಾಯಲ್ಲಿ ಕಲ್ಲಂಗಡಿ ಹೇರಿದ ಪಿಕಪ್ ಒಂದು ನಿಂತಿತ್ತು. ಬೈರುತ್ತಿನಲ್ಲಿ ಮಾಡುವುದನ್ನೇ ಮಾಡಿದೆ: ದೀಪ ಎರಡು ಸಲ ಮಿಟುಕಿಸಿದೆ. ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ, ನಾನು ಬರ್ತಿದ್ದೀನಿ, ನೀನು ಅಲ್ಲೇ ಇರು. ಪಿಕಪ್ಪಿನವನು ಕೈಯೆತ್ತಿ ಧನ್ಯವಾದ ಹೇಳಿ ನೇರ ನನ್ನ ಮುಂದಕ್ಕೆ ಬಂದುಬಿಟ್ಟ.

ಬ್ರೇಕ್ ಒತ್ತಿ ಸ್ಟೀರಿಂಗ್ ಎಳೆದೆ. ಎಡಚಕ್ರ ಕಲ್ಲಂಚಿಗೆ ಬಡಿದು ಢಬ್ ಎಂದಿತು. ಎರಡು ಹಣ್ಣು ಉರುಳಿ ರಸ್ತೆಯ ಮೇಲೆ ಒಡೆದವು.

ಪಿಕಪ್ಪಿನಿಂದ ನನ್ನದೇ ವಯಸ್ಸಿನ, ಹುಲ್ಲಿನ ಟೋಪಿಯ ಮನುಷ್ಯ ಇಳಿದ. "ಏನಯ್ಯಾ ನೀನು! ಬಾ ಬಾ ಅಂತ ಕರೀತೀಯ, ಬಂದರೆ ಗುದ್ದೋಕೆ ಬರ್ತೀಯ!"

"ಯಾರು ಕರೆದಿದ್ದು? ನಿಲ್ಲು ಅಂತ ದೀಪ ಹಾಕಿದೆ!"

"ನಿಲ್ಲು ಅಂತ ದೀಪ ಹಾಕ್ತಾರಾ ಯಾರಾದರೂ? ನಿಲ್ಲು ಅನ್ನೋಕೆ ಏನೂ ಹಾಕಬಾರದು, ಸುಮ್ಮನೆ ಬರಬೇಕು. ಯಾವೂರು ನಿಂದು?"

"ಬೈರುತ್."

"ಓ," ಎಂದ. ಆಮೇಲೆ ದನಿ ತಗ್ಗಿಸಿದ, ರೋಗ ಯಾವುದೆಂದು ತಿಳಿದ ವೈದ್ಯರ ಹಾಗೆ. ಅವನ ಹೆಸರು ಪಾಂಬೊಸ್. ಒಡೆದ ಹಣ್ಣಿನ ಚೂರೊಂದನ್ನು ಎತ್ತಿ ಧೂಳು ಊದಿ ತಿನ್ನುತ್ತ ನನ್ನ ಚಕ್ರ ನೋಡಿದ. "ಟೈರು ಸತ್ತಿದೆ. ಮದುಮಗಳು ಎಲ್ಲಿ?"

"ಪುರಸಭೆಯಲ್ಲಿ. ಹನ್ನೊಂದೂವರೆಗೆ. ನನ್ನ ಮಗಳು."

"ಹಾಗಿದ್ರೆ ಇದರ ಹತ್ರ ಯಾಕೆ ನಿಂತಿದ್ದೀಯ? ಹತ್ತು, ಐದು ನಿಮಿಷಕ್ಕೆ ಬಾಗಿಲಲ್ಲಿ ಇಳಿಸ್ತೀನಿ."

ಪಿಕಪ್ ನೋಡಿದೆ. ಮುಂದಿನ ಸೀಟಿನಲ್ಲಿ ಹಗ್ಗ, ತಕ್ಕಡಿ, ಒಂದು ಬೆಕ್ಕು. ಕಲ್ಲಂಗಡಿಯ ಗಾಡಿಯಿಂದ ಇಳಿದು ಬರಿಗೈಯಲ್ಲಿ ಮೆಟ್ಟಿಲ ಕೆಳಗೆ ನಿಲ್ಲುವುದು. ಮಗಳು ಹೊರಗೆ ಬಂದಾಗ ಯಾವ ಬಾಗಿಲು ತೆರೆದು ಹಿಡಿಯಲಿ?

"ಬೇಡ ಯಜಮಾನ. ಚಕ್ರ ಬದಲಿಸ್ಕೊಂಡು ಇದರಲ್ಲೇ ಹೋಗ್ತೀನಿ. ಅವಳನ್ನ ನಾನೇ ಕರ್ಕೊಂಡು ಹೋಗಬೇಕು."

"ಹೊತ್ತಾಗುತ್ತೆ ಕಣಯ್ಯ."

"ಹನ್ನೊಂದೂವರೆ ಮದುವೆ ಹನ್ನೆರಡೂವರೆಗೆ ಮುಂಚೆ ಶುರುವಾಗಿದ್ದನ್ನ ನನ್ನ ಜೀವಮಾನದಲ್ಲಿ ನೋಡಿಲ್ಲ."

ಪಾಂಬೊಸ್ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಭುಜ ಕುಣಿಸಿ, ಒಂದು ಇಡೀ ಹಣ್ಣನ್ನು ನನ್ನ ಕೋಟಿನ ಪಕ್ಕದಲ್ಲಿಟ್ಟು, ಸಂತೆಗೆ ಹೊತ್ತಾಯಿತೆಂದು ಹೋದ.

ನನ್ನ ಮರ್ಸಿಡಿಸ್ಸಿನ ಚಕ್ರವನ್ನು ನಾನು ಒಂಬತ್ತು ನಿಮಿಷದಲ್ಲಿ ಬದಲಿಸುತ್ತೇನೆ. ಇದರ ಜಾಕ್ ಎಲ್ಲಿದೆ ಎಂದು ಹುಡುಕಲಿಕ್ಕೇ ಕಾಲು ಗಂಟೆ ಹಿಡಿಯಿತು. ಒಂದು ನಟ್ಟು ತುಕ್ಕು ಹಿಡಿದಿತ್ತು. ಕೆಂಪು ಪ್ಲೇಟು ಕಂಡ ಕಾರುಗಳು ದೂರದಿಂದಲೇ ಬಳಸಿಕೊಂಡು ಹೋದವು. ಯಾರೂ ಹಾರ್ನ್ ಮಾಡಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಆರು ಮಂದಿ ಸೇರಿ, ನಾಲ್ವರು ಬುದ್ಧಿ ಹೇಳಿ, ಒಬ್ಬ ನಟ್ಟು ಬಿಚ್ಚಿರುತ್ತಿದ್ದ. ನಾನು ಆ ನಟ್ಟಿನ ಜೊತೆ ಅರಬ್ಬಿಯಲ್ಲಿ ಮಾತಾಡಿದೆ. ಬೇರೆ ಯಾರಿದ್ದರು?

ಚಕ್ರ ಕೂತಾಗ ಹನ್ನೊಂದು ನಲವತ್ತೆಂಟು. ಉಳಿದ ಮೂರು ಕಿಲೋಮೀಟರನ್ನು ಹೇಗೆ ಓಡಿಸಿದೆನೋ ತಿಳಿಯದು. ಕೈ ಗೇರಿಗೇ ಹೋಯಿತು, ವೃತ್ತದಲ್ಲಿ ಕಣ್ಣು ಬಲಕ್ಕೇ ಹೋಯಿತು, ಕಾರು ತನ್ನ ಗೆರೆಯಲ್ಲೇ ನಿಂತಿತು. ಪುರಸಭೆಯ ಮೆಟ್ಟಿಲಿಗೆ ಸರಿಯಾಗಿ ಹಿಂಬಾಗಿಲು ಬರುವಂತೆ ನಿಲ್ಲಿಸಿ, ಕೈ ಒರೆಸಿ, ಕೋಟು ತೊಟ್ಟು, ಬಾಗಿಲು ತೆರೆದು ನಿಂತೆ.

ಒಂದು ಜೋಡಿ ಮೆಟ್ಟಿಲು ಹತ್ತುತ್ತಿತ್ತು. ಹುಡುಗಿ ರಿಬ್ಬನ್ ಮುಟ್ಟಿ ನೋಡಿ, ನಮ್ಮದೇ ಭಾಷೆಯಲ್ಲಿ ತನ್ನವನಿಗೆ, "ನೋಡು, ಒಬ್ಬರಾದರೂ ಕಾರು ತಂದಿದ್ದಾರೆ!" ಎಂದಳು. ನನ್ನ ಕಡೆ ತಿರುಗಿ, "ಯಾರಿಗೆ ಮಾಮ?"

"ನನ್ನ ಮಗಳಿಗೆ. ಒಳಗಿದ್ದಾಳೆ."

"ಒಳಗೆ ಈಗ ನಮ್ಮ ಸರದಿ. ಹನ್ನೆರಡಕ್ಕೆ," ಎಂದಳು.

ಬಾಗಿಲು ಹಾಗೇ ಬಿಟ್ಟು ಒಳಗೆ ಹೋದೆ. ಮೇಜಿನ ಹಿಂದೆ ಕನ್ನಡಕದ ಹೆಂಗಸೊಬ್ಬರು ಹಾಳೆಗಳನ್ನು ಕುಟ್ಟಿ ಸಮ ಮಾಡುತ್ತಿದ್ದರು.

"ಹನ್ನೊಂದೂವರೆಯದು ಮುಗೀತಲ್ಲ. ಹನ್ನೊಂದು ನಲವತ್ತೆರಡಕ್ಕೇ."

"ಹನ್ನೊಂದೂವರೆ ಅಂದರೆ ಹನ್ನೊಂದೂವರೆಗೇ ಶುರುಮಾಡಿದ್ರಾ?"

"ಮತ್ತೆ ಯಾವಾಗ ಮಾಡಬೇಕಿತ್ತು?"

ನಾನು ತಂದೆ ಎಂದೆ. ಅವರು ಕನ್ನಡಕ ತೆಗೆದರು. ದಾಖಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ರಿಂದಾಲಾಳ ರುಜು, ಜವಾದ್‌ನ ರುಜು. ಕೆಳಗೆ ಸಾಕ್ಷಿಗಳು ಇಬ್ಬರು. ಒಂದು ಈಕೆಯದೇ ಹೆಸರು. ಇನ್ನೊಂದು ಕಿರ್ಯಾಕೊಸ್ ಎಂಬುವರದು.

"ಸಾಕ್ಷಿ ತರದವರಿಗೆ ನಾವೇ ನಿಲ್ತೀವಿ. ಕಿರ್ಯಾಕೊಸ್ ನಮ್ಮ ತೋಟದವನು, ಹೊರಗಿದ್ದಾನೆ," ಎಂದರು. ಪುಸ್ತಕ ಮುಚ್ಚುತ್ತ, "ನಿಮ್ಮ ಮಗಳು ಐದು ನಿಮಿಷ ತಡ ಮಾಡಿ ಅಂತ ಕೇಳಿದಳು. ಬಾಗಿಲಲ್ಲೇ ನಿಂತಿದ್ದಳು. ಯಾರಾದರೂ ಬರೋರಿದ್ದಾರಾ ಅಂದೆ. ಬರಲ್ಲ ಅಂದಿದ್ದಾರೆ, ಆದರೂ ಐದು ನಿಮಿಷ, ಅಂದಳು. ನಮಗೆ ಮುಂದಿನವರು ಇರ್ತಾರೆ ನೋಡಿ."

"ಸರಿ," ಎಂದೆ. "ಎಲ್ಲಿ ಹೋದರು?"

"ಟ್ಯಾಕ್ಸಿ ಕರೆಸಿಕೊಂಡು ವಿಮಾನಕ್ಕೆ. ಅಥೆನ್ಸ್ ಅಂದ ಹಾಗಿತ್ತು."

ಹೊರಗೆ ಬಂದು ಫೋನ್ ಮಾಡಿದೆ. ಆಗಲೇ ಬಂದ್ ಮಾಡಿದ್ದಳು. ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ "ಬಂದಿದ್ದೆ. ಹನ್ನೊಂದು ಐವತ್ತೈದಕ್ಕೆ" ಎಂದಷ್ಟೇ ಕಳಿಸಿದೆ. ಕಾರಿನ ಹಿಂಬಾಗಿಲು ತೆರೆದೇ ಇತ್ತು. ಸೀಟಿನ ಮೇಲೆ ಕಲ್ಲಂಗಡಿ ಹಣ್ಣು ಗಂಭೀರವಾಗಿ ಕೂತಿತ್ತು. ಬಾಗಿಲು ಮುಚ್ಚಿದೆ.

ಗುಲಾಬಿಯ ಪಾತಿಯಲ್ಲಿ ಒಬ್ಬ ಮನುಷ್ಯ ಪೈಪು ಹಿಡಿದು ನೀರು ಬಿಡುತ್ತಿದ್ದ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಟೈ. ಕೆಳಗೆ ರಬ್ಬರ್ ಬೂಟು.

"ಕಿರ್ಯಾಕೊಸ್?"

ಅವನು ನಲ್ಲಿ ಮುಚ್ಚಿದ.

"ಹನ್ನೊಂದೂವರೆ ಮದುವೆಗೆ ಸಾಕ್ಷಿ ನೀವಂತೆ. ನಾನು ಹುಡುಗಿಯ ತಂದೆ. ನನಗೆ ತಡವಾಯ್ತು."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿ ನನ್ನ ಕೈ ಹಿಡಿದು ಕುಲುಕಿದ, ಬಿಡಲಿಲ್ಲ. "ಶುಭವಾಗಲಿ, ಶುಭವಾಗಲಿ. ಒಳ್ಳೆಯ ಮಗಳು."

"ಹೇಗಾಯ್ತು ಹೇಳಿ. ಮೊದಲಿಂದ."

ಪಾತಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ತಾನೂ ಕೂತು, ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡ. ಬೆಳಗಿನಿಂದ ಅವನಿಗೆ ಅದು ನಾಲ್ಕನೆಯ ಮದುವೆ.

"ಪುಟ್ಟ ಹುಡುಗಿ, ಅಲ್ವಾ? ಗುಂಗುರು ಕೂದಲು, ಇಲ್ಲೀವರೆಗೆ. ನಗು ತಡೆಯೋಕೇ ಆಗ್ಲಿಲ್ಲ ಅವಳಿಗೆ. ಒಪ್ಪಿಗೆಯಾ ಅಂತ ಮೂರು ಸಲ ಕೇಳಬೇಕಾಯ್ತು. ಮೂರು ಸಲಾನೂ ನಗು. ನಮ್ಮ ಮೇಡಂಗೂ ನಗು ಬಂತು."

ರಿಂದಾಲಾ ನನಗಿಂತ ಎರಡು ಬೆರಳು ಎತ್ತರ. ಕಾಲೇಜಿಗೆ ಹೋದಂದಿನಿಂದ ಕೂದಲನ್ನು ಗಂಡುಹುಡುಗರಂತೆ ಕತ್ತರಿಸಿಕೊಂಡವಳು.

ಕಿರ್ಯಾಕೊಸ್ ನನ್ನ ಮುಖ ನೋಡಿದ. "ಅವಳೇ ತಾನೆ?"

"ಅವಳೇ," ಎಂದೆ. "ಆಮೇಲೆ?"