ಸೀಟಿಯಣ್ಣನ ಮೂರು ದಿನ

ಪೇಟೆಯ ನಡುವೆ ಕಾರು ನಿಲ್ಲಿಸುವ ಬಯಲಿನಲ್ಲಿ ಅರವತ್ತು ಕಾರಿಗೆ ಮಾತ್ರ ಜಾಗವೆಂದು ಪುರಸಭೆಯ ಬೋರ್ಡು ಹೇಳುತ್ತಿತ್ತು. ಬೋರ್ಡಿನ ಮಾತಿಗೆ ಸೀಟಿಯಣ್ಣ ಎಂದೂ ಕಿವಿಗೊಟ್ಟವನಲ್ಲ. ಕೊರಳಲ್ಲೊಂದು ಸೀಟಿ, ಮೈಮೇಲೊಂದು ಮಾಸಿದ ಹಳದಿ ಜಾಕೀಟು, ಇಷ್ಟೇ ಬಂಡವಾಳದಲ್ಲಿ ಇಪ್ಪತ್ತೆರಡು ವರ್ಷದಿಂದ ಅಲ್ಲಿ ದಿನಾ ಎಂಬತ್ತು ಕಾರು ನಿಲ್ಲಿಸುತ್ತಿದ್ದ. ಗುಟ್ಟೇನೂ ದೊಡ್ಡದಲ್ಲ. ಗೆರೆ ಬಿಟ್ಟು ನಡುವೆ ನಿಲ್ಲಿಸಿದವರು ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟುಹೋಗಬೇಕು; ಒಳಗಿನ ಕಾರು ಹೊರಡುವಾಗ ಇವನು ನಡುವಿನದಕ್ಕೆ ಬೆನ್ನು ಕೊಟ್ಟು ನಾಲ್ಕಡಿ ತಳ್ಳಿ ದಾರಿ ಮಾಡಿಕೊಡುತ್ತಿದ್ದ. ಬ್ಯಾಂಕಿನವರು ಆರಕ್ಕೆ ಹೊರಡುತ್ತಾರೆ, ಹಲ್ಲಿನ ಡಾಕ್ಟರಮ್ಮ ಒಂದಕ್ಕೆ, ಕನ್ನಡಕದ ಅಂಗಡಿಯವನು ಯಾವಾಗ ಬೇಕಾದರೂ. ಎಲ್ಲ ಬಾಯಿಪಾಠ. "ಜಾಗ ಇಲ್ಲ" ಎಂದು ಅವನು ಯಾರಿಗೂ ಹೇಳಿದ್ದೇ ಇಲ್ಲ.

ಹೀಗಿರುವಾಗ ಒಂದು ದಿನ ಪುರಸಭೆಯ ಇಬ್ಬರು ಪಟ್ಟಿ ಹಿಡಿದುಕೊಂಡು ಬಂದು ಗೇಟಿನ ಬಳಿ ಕುರ್ಚಿ ಹಾಕಿ ಕೂತರು. ಮೂರು ದಿನ ಕಾರು ಎಣಿಸುತ್ತಾರಂತೆ. ಯಾಕೆ ಎಂದು ಕೇಳಬೇಕಿತ್ತು. ಇವನು ಕೇಳಲಿಲ್ಲ. ತನ್ನ ಕೆಲಸವನ್ನೇ ಪರೀಕ್ಷೆ ಮಾಡಲು ಬಂದಿದ್ದಾರೆಂದುಕೊಂಡ. ಇಷ್ಟು ವರ್ಷಕ್ಕೆ ಒಬ್ಬರಾದರೂ ನೋಡಲು ಬಂದರಲ್ಲ ಎಂದು ಅವನಿಗೆ ಹಿಗ್ಗೋ ಹಿಗ್ಗು. ಹಿಂದಿನ ರಸ್ತೆಯಲ್ಲಿ ತಮ್ಮ ಪಾಡಿಗೆ ತಾವು ನಿಲ್ಲಿಸುತ್ತಿದ್ದವರನ್ನೂ "ಬನ್ನಿ, ನಾನು ಜಾಗ ಮಾಡ್ಕೊಡ್ತೀನಿ" ಎಂದು ಕೈಬೀಸಿ ಕರೆದ. ಕನ್ನಡಿ ಮಡಿಸಿ, ಬಂಪರಿಗೆ ಬಂಪರು ತಾಗುವಂತೆ ತಳ್ಳಿ, ಮೂರನೆಯ ದಿನ ನೂರಾಹನ್ನೆರಡು ಕಾರು ನಿಲ್ಲಿಸಿಬಿಟ್ಟ. ಎಣಿಸುವವರು ಮೂಗಿನ ಮೇಲೆ ಬೆರಳಿಟ್ಟರು. ಆ ಸಂಜೆ ಅವನು ಬೆನ್ನುನೋವಿನಲ್ಲೂ ಹಾಡು ಗುನುಗುತ್ತ ಮನೆಗೆ ನಡೆದ.

ಎರಡು ತಿಂಗಳಿಗೆ ವರದಿ ಬಂತು. ಅರವತ್ತರ ಜಾಗದಲ್ಲಿ ನೂರಾಹನ್ನೆರಡು ನಿಲ್ಲುತ್ತಿವೆ; ಆದಕಾರಣ ಅಲ್ಲಿ ಐದು ಅಂತಸ್ತಿನ ಪಾರ್ಕಿಂಗ್ ಕಟ್ಟಡವೂ ಅದರ ಮೈಗೆ ಅಂಟಿಕೊಂಡಂತೆ ಮಳಿಗೆಗಳೂ ಆಫೀಸುಗಳೂ ಬರಬೇಕು. ಗೇಟಿನಲ್ಲಿ ಚೀಟಿ ಕೊಡಲು ಯಂತ್ರವಿರುತ್ತದೆ. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಅಷ್ಟು ದೊಡ್ಡ ಕಲ್ಲನ್ನು ಅಷ್ಟು ಖುಷಿಯಿಂದ ಹೊತ್ತು ತಂದವನು ಇವನೊಬ್ಬನೇ.

ಸಂಬಳಕ್ಕೇನೂ ಕುತ್ತಿರಲಿಲ್ಲ. ಅವನನ್ನು ಪುರಸಭೆಯ ಹಳೇ ಕಡತಗಳ ಕೋಣೆಗೆ ಹಾಕುತ್ತಾರಂತೆ.

"ಒಳ್ಳೇದಾಯ್ತಲ್ಲಣ್ಣಾ, ನೆರಳಲ್ಲಿ ಕೂತ್ಕೊಳ್ಳೋ ಕೆಲಸ" ಎಂದಳು ದೂರದ ಊರಿನಿಂದ ವಾರಕ್ಕೊಮ್ಮೆ ಫೋನು ಮಾಡುವ ತಂಗಿ.

"ಕಡತದ ಜೊತೆ ಏನೇ ಮಾತಾಡ್ಲಿ ನಾನು?" ಎಂದ ಅವನು.

ತಂಗಿ ನಕ್ಕಳು. ಅವನು ತಮಾಷೆಗೆ ಹೇಳಿರಲಿಲ್ಲ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೆ ಬೆಳಿಗ್ಗೆ ಎಂಟಕ್ಕೆ ಮೊದಲ ಕಾರು ಬರುವತನಕ ಅವನ ಬಾಯಿಂದ ಒಂದು ಮಾತಿಲ್ಲ. "ಬರ್ಲಿ, ಬರ್ಲಿ, ಇನ್ನೊಂಚೂರು, ಹಾಂ, ಸಾಕು." ದಿನಕ್ಕೆ ನೂರು ಸಲ ಹೇಳುವ ಈ ಐದಾರು ಪದವೇ ಅವನ ಸಂಸಾರ. ಬಯಲು ಹೋದರೆ ಅದೂ ಹೋಯಿತು. ಕಟ್ಟಡದ ವಿಚಾರಕ್ಕೆ ಪುರಸಭೆ ಕರೆದಿದ್ದ ಸಭೆಯಲ್ಲಿ ನಿಜ ಹೇಳಿಬಿಡುವುದೆಂದು ನಿರ್ಧರಿಸಿದ.

ಸಾರ್ವಜನಿಕ ಸಭೆಯ ದಿನ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ಹೋದ. ಪುರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಎಲ್ಲ ಅವನ ಜನರೇ ಇರಬೇಕು, ಆದರೆ ಕಾರಿಲ್ಲದೆ ಯಾರು ಯಾರೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಅವರಿಗಂತೂ ಜಾಕೀಟಿಲ್ಲದ ಇವನು ಹೊಳೆಯಲೇ ಇಲ್ಲ. ಮುಗುಳ್ನಗುತ್ತ ನಾಲ್ಕು ಸಾಲು ದಾಟಿ ಬಂದ. ಒಬ್ಬರೂ ತಿರುಗಿ ನಗಲಿಲ್ಲ.

ಚರ್ಚೆ ಶುರುವಾಯಿತು. ಜಾಗವಿಲ್ಲವೆಂದು ಗಿರಾಕಿಗಳು ಪಕ್ಕದ ಪೇಟೆಗೆ ಹೋಗುತ್ತಿದ್ದಾರೆಂದ ಬಟ್ಟೆ ಅಂಗಡಿಯವನು. ಐದು ಅಂತಸ್ತು ಎದ್ದರೆ ತನ್ನ ಅಡುಗೆಮನೆಗೆ ಬಿಸಿಲೇ ಬೀಳುವುದಿಲ್ಲವೆಂದಳು ಹಿಂದಿನ ಬೀದಿಯ ಅಜ್ಜಿ.

"ಬಿಸಿಲಲ್ಲಿ ಕಾರು ಒಲೆ ಆಗುತ್ತೆ, ಎರಡು ಸಲ ಗೀರು ಬಿದ್ದಿದೆ. ಕಟ್ಟಡ ಬರ್ಲಿ" ಎಂದರು ಹಲ್ಲಿನ ಡಾಕ್ಟರಮ್ಮ. ಆ ಎರಡನೇ ಗೀರು ಯಾರ ಕೈಯದೆಂದು ಇವನಿಗೆ ಗೊತ್ತಿತ್ತು. ತಲೆ ತಗ್ಗಿಸಿದ.

ಇವನ ಸರದಿ ಬಂತು. ನಡೆದದ್ದನ್ನೆಲ್ಲ ಹೇಳಿದ: ಹಿಂದಿನ ರಸ್ತೆಯಲ್ಲಿ ಯಾವಾಗಲೂ ಜಾಗವಿರುತ್ತದೆ, ಅಲ್ಲಿಗೆ ಹೋಗುವವರನ್ನು ತಾನೇ ಕರೆದು ಬಯಲು ತುಂಬಿಸಿದ್ದು.

"ನೀವೇ ಕರೆದ್ರಿ ಅನ್ನೋದಕ್ಕೆ ಸಾಕ್ಷಿ?" ಎಂದರು ಅಧ್ಯಕ್ಷರು.

ಇವನು ಡಾಕ್ಟರಮ್ಮನ ಕಡೆ ನೋಡಿದ. ಮೂರನೆಯ ದಿನ ಬೆಳಿಗ್ಗೆ, ಬಯಲು ತುಂಬಿದೆಯೆಂದು ಹಿಂದಿನ ರಸ್ತೆಗೆ ಹೊರಟಿದ್ದ ಆಕೆಯನ್ನು ತಿರುಗಿಸಿ ಕರೆತಂದದ್ದು ಇವನೇ. "ಮೇಡಂ, ನಿಮ್ಗೆ ಗೊತ್ತಲ್ಲ?"

ಆಕೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಕ್ಷಮಿಸಿ... ನೀವು ಯಾರು?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಇಪ್ಪತ್ತೆರಡು ವರ್ಷ! ಆಮೇಲೆ ಇವನಿಗೆ ಥಟ್ಟನೆ ಹೊಳೆಯಿತು: ಇವರು ತನ್ನನ್ನು ಎದುರಿನಿಂದ ನೋಡಿದ್ದಾದರೂ ಯಾವಾಗ? ಕಾರಿನ ಕನ್ನಡಿಯಲ್ಲಿ, ಬೆನ್ನ ಹಿಂದೆ, ಬೆರಳುದ್ದದ ಮನುಷ್ಯ. ಇವನು ಕೈಯೆತ್ತಿದ, ತುಂಬಿದ ಸಭೆಯಲ್ಲಿ ದನಿಯೆತ್ತಿ ಕೂಗಿದ.

"ಬರ್ಲಿ, ಬರ್ಲಿ, ಇನ್ನೊಂಚೂರು, ಹಾಂ, ಸಾಕು!"

ಡಾಕ್ಟರಮ್ಮನ ಬಲಗಾಲು ಬ್ರೇಕು ಒತ್ತುವಂತೆ ನೆಲ ಒತ್ತಿತು. "ಅಯ್ಯೋ, ಸೀಟಿಯಣ್ಣ! ಹೌದು ಸರ್, ಆವತ್ತು ಇವ್ರೇ ನನ್ನ ಕರೆದ್ರು. ನಾನು ಹಿಂದಿನ ರಸ್ತೆಗೆ ಹೋಗ್ತಿದ್ದೆ." ಕಟ್ಟಡ ಬೇಕೆಂದವರೇ ಎದ್ದುನಿಂತು ಸಾಕ್ಷಿ ಹೇಳಿದರು. ದೊಡ್ಡ ಮನಸ್ಸು. ಇವನ ಕಣ್ಣಲ್ಲಿ ನೀರಾಡಿತು.

ಅಧ್ಯಕ್ಷರು ಪಕ್ಕದವರೊಡನೆ ಪಿಸುಗುಟ್ಟಿ ತೀರ್ಮಾನ ಹೇಳಿದರು. ಮತ್ತೆ ಮೂರು ದಿನ ಎಣಿಕೆ. ಈ ಸಲ ಗೆರೆಯೊಳಗಿನ ಅರವತ್ತೇ ಕಾರು. "ಅಲ್ಲಿಂದಾಚೆ ಬಂದವರನ್ನ ನೀವು ವಾಪಸ್ ಕಳಿಸ್ಬೇಕು. ಅವರಿಗೆ ಹಿಂದಿನ ರಸ್ತೆಯಲ್ಲಿ ಜಾಗ ಸಿಕ್ಕಿದ್ರೆ ಕಟ್ಟಡ ಬೇಡ. ಒಂದೇ ಒಂದು ಕಾರು ಗೆರೆ ದಾಟಿ ನಿಂತ್ರೂ ನಮ್ಮ ಹಳೇ ಲೆಕ್ಕವೇ ಸರಿ."

"ಆಗ್ಲಿ" ಎಂದ ಇವನು.

ಮೊದಲ ದಿನ ಹತ್ತು ಗಂಟೆಗೇ ಅರವತ್ತು ತುಂಬಿತು. ಇವನು ಗೇಟಿನಲ್ಲಿ ಸೀಟಿಯನ್ನು ಜೇಬಿಗೆ ಹಾಕಿಕೊಂಡು ನಿಂತ. ಕನ್ನಡಕದ ಅಂಗಡಿಯವನನ್ನು ಕಳಿಸಿದ, ಬ್ಯಾಂಕಿನ ಮೂವರನ್ನು ಕಳಿಸಿದ. ಎಷ್ಟು ಕಡೆ ಕಾರು ತೂರಿಸಬಹುದೆಂದು ಅವನ ಕಣ್ಣಿಗೆ ಕಾಣುತ್ತಲೇ ಇತ್ತು. ಕಟ್ಟಿಹಾಕಿದಂತೆ ಕೈ ಸುಮ್ಮನಿತ್ತು.

ಮೂರನೆಯ ದಿನ ಹತ್ತೂವರೆಗೆ ಡಾಕ್ಟರಮ್ಮನ ಬೂದು ಕಾರು ಬಂತು. ಗೇಟಿನ ಪಕ್ಕದಲ್ಲೇ ಅವರ ಕಾರಿನಷ್ಟೇ ಉದ್ದದ ಜಾಗವಿತ್ತು, ಗೆರೆಯಿರಲಿಲ್ಲ, ಅಷ್ಟೇ. ಆಕೆ ಅಭ್ಯಾಸದಂತೆ ಕಾರನ್ನು ಅತ್ತ ತಿರುಗಿಸಿ, ಹಿಂದಕ್ಕೆ ತೆಗೆದುಕೊಳ್ಳಲು ಕನ್ನಡಿಯಲ್ಲಿ ಇವನನ್ನು ಹುಡುಕಿದರು. ಕಣ್ಣಿಗೆ ಕಣ್ಣು ಸೇರಿತು. ಕುರ್ಚಿಯಲ್ಲಿದ್ದ ಇಬ್ಬರೂ ಪೆನ್ನು ಹಿಡಿದು ನೋಡುತ್ತಿದ್ದರು.

"ಜಾಗ ಇಲ್ಲ ಮೇಡಂ" ಎಂದ ಇವನು.

ಕಾರು ಒಂದು ಗಳಿಗೆ ಅಲ್ಲೇ ನಿಂತು, ಮೆಲ್ಲಗೆ ಮುಂದಕ್ಕೆ ಹೋಯಿತು.

ವಾಪಸು ಹೋದವರಿಗೆಲ್ಲ ಹಿಂದಿನ ರಸ್ತೆಯಲ್ಲಿ ಜಾಗ ಸಿಕ್ಕಿತ್ತು; ಕಟ್ಟಡದ ಯೋಜನೆ ಬಿದ್ದುಹೋಯಿತು. ಬಯಲು ಉಳಿಯಿತು, ಸೀಟಿಯಣ್ಣನೂ ಉಳಿದ. "ಗೆದ್ದೆಯಲ್ಲಣ್ಣಾ!" ಎಂದಳು ತಂಗಿ ಫೋನಿನಲ್ಲಿ. ಅವನು "ಹ್ಞೂಂ" ಎಂದ. ಪುರಸಭೆಯವರು ಇನ್ನು ಅರವತ್ತೇ ಎಂದು ಆಜ್ಞೆ ಮಾಡಿದ್ದರು. ತಳ್ಳುವ ಕೆಲಸವಿಲ್ಲ, ಗೆರೆಯೊಳಗೆ ಜನ ತಾವೇ ನಿಲ್ಲಿಸಿ ಹೋಗುತ್ತಿದ್ದರು.

ತಿಂಗಳ ಮೇಲೊಂದು ದಿನ ಡಾಕ್ಟರಮ್ಮ ನಡೆದುಕೊಂಡು ಬಂದರು. ಇವನನ್ನು ಕಂಡು ನಿಂತರು, ಈಗ ಮುಖದ ಗುರುತಿತ್ತು.

"ನೀವು ಸಭೇಲಿ ಹೇಳಿದ್ದು ನಿಜ ಕಣಪ್ಪಾ" ಎಂದರು. "ಹಿಂದಿನ ರಸ್ತೇಲಿ ಯಾವಾಗ್ಲೂ ಜಾಗ ಇರುತ್ತೆ. ಮರದ ನೆರಳೂ ಇದೆ. ಇಷ್ಟು ವರ್ಷ ಸುಮ್ನೆ ಇಲ್ಲಿಗೆ ಬರ್ತಿದ್ದೆ ನೋಡಿ."

"ಹೌದು ಮೇಡಂ, ಅಲ್ಲೇ ವಾಸಿ" ಎಂದ ಇವನು.

ಆಕೆ ನಕ್ಕು ಮುಂದೆ ನಡೆದರು. ಇವನು ಅವರ ಬೆನ್ನ ಹಿಂದೆ, ಯಾವತ್ತೂ ನಿಲ್ಲುತ್ತಿದ್ದ ಅಷ್ಟೇ ದೂರದಲ್ಲಿ ನಿಂತು ಕೈ ಎತ್ತಿದ. ಬರ್ಲಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಡೆದು ಹೋಗುವವರನ್ನು ಹಾಗೆ ಕೂಗುವುದುಂಟೇ? ಕೈ ಇಳಿಸಿದ. ಆಕೆ ಮೂಲೆ ತಿರುಗಿದರು.