ಒಡೆಸಿದ ಹಾಲಿನ ಹೆಸರು

ಮಿನತಿ ಕುದಿಯುವ ಹಾಲಿಗೆ ನಿಂಬೆಹಣ್ಣು ಹಿಂಡಿದ್ದನ್ನು ಕಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಮ್ಮ ಗದರಿದಳು.

"ಒಳ್ಳೇ ಹಾಲು ಕಣೇ. ಬೇಕಂತ್ಲೇ ಒಡಸ್ತೀಯಲ್ಲ."

"ನಮ್ಮ ಊರಿನ ಸಿಹಿ, ಅತ್ತೆ. ಹಾಲು ಒಡೆದರೇ ಆಗುತ್ತದೆ," ಗಂಡ ಕಲಿಸಿದ ಕನ್ನಡದಲ್ಲಿ ಸೊಸೆ ಎಂದಳು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಖರಗ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಮಗ ತಿಪ್ಪೇಶಪ್ಪ ಅಲ್ಲಿಯ ಬಂಗಾಳಿ ಹುಡುಗಿಯನ್ನೇ ಮದುವೆಯಾಗಿ, ಅವಳನ್ನು ಚನ್ನಗಿರಿಗೆ ತಂದು ಬಿಟ್ಟು, ವರ್ಗ ಮಾಡಿಸಿಕೊಂಡು ಬರುತ್ತೇನೆಂದು ಮರಳಿ ಹೋಗಿದ್ದ. ಮೀನು ತಿನ್ನುವವರ ಮನೆಯವಳೆಂದು ಸಿದ್ದಲಿಂಗಮ್ಮ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಂಡಿದ್ದಳು. ಸೊಸೆಯ ಕೈಯಡುಗೆ ಒಂದು ದಿನವೂ ಉಂಡಿರಲಿಲ್ಲ. ನ್ಯಾಮತಿಗೆ ಕೊಟ್ಟ ಮಗಳು ನಿರ್ಮಲಮ್ಮನಿಗೆ ಅಣ್ಣನ ಮದುವೆಯ ಸುದ್ದಿಯನ್ನೂ ತಿಳಿಸಿರಲಿಲ್ಲ. ಬೀಗರ ಮುಂದೆ ಮಗಳಿಗೆ ಮುಜುಗರವಾದೀತೆಂಬ ಅಳುಕು.

ಆದರೂ ಇವತ್ತು ಬಾಗಿಲು ಬಿಟ್ಟು ಕದಲಲು ಅವಳಿಗೆ ಮನಸ್ಸಾಗಲಿಲ್ಲ. ಮಿನತಿ ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ, ನೀರು ಹಿಂಡಿ, ಉಳಿದದ್ದನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿದಳು. ಸಕ್ಕರೆ ಬೆರೆಸಿ ಸಣ್ಣ ಉರಿಯಲ್ಲಿ ಕೈಯಾಡಿಸಿದಳು.

"ಗಿಣ್ಣಿನ ಹಂಗೈತೇನು?"

"ಗಿಣ್ಣು ಅಂದರೆ?"

"ಎಮ್ಮೆ ಈದಾಗ ಮೊದಲ್ನೇ ಹಾಲು ಕಾಸ್ತೀವಲ್ಲ, ಅದು."

"ಇದು ಬೇರೆ. ಇದರ ಹೆಸರು ಶೊಂದೇಶ್." ಅತ್ತೆಗೆ ತಿಳಿಯಲಿಲ್ಲವೆಂದು ಮಿನತಿ ಬಿಡಿಸಿ ಹೇಳಿದಳು. "ಸಂದೇಶ."

"ಸಂದೇಶ ಅಂದ್ರೆ ಸುದ್ದಿ ಅಲ್ಲೇನೇ? ನೀವೂ ಹಂಗೇ ಅಂತೀರಾ?"

"ಹೌದು, ಅದೇ ಮಾತು."

ಸಿದ್ದಲಿಂಗಮ್ಮ ಒಳಗೆ ಬಂದು ಒಲೆಯ ಹತ್ತಿರ ಕೂತಳು. "ತಿನ್ನೋ ವಸ್ತುಗೆ ಸುದ್ದಿ ಅಂತ ಯಾರು ಹೆಸರಿಟ್ರು?"

"ನನ್ನ ಅಜ್ಜಿ ಹೇಳಿದ್ದು. ಮನೆಯಲ್ಲಿ ಒಳ್ಳೆ ಸುದ್ದಿ ಇದ್ದರೆ ನೆಂಟರಿಗೆ ಹೇಳಿ ಬರಬೇಕು. ಬರಿಗೈಯಲ್ಲಿ ಹೋಗಬಾರದು, ಸಿಹಿ ಒಯ್ಯಬೇಕು. ಹಾಗೇ ಸಿಹಿಗೇ ಆ ಹೆಸರು ಬಂತು."

"ಇನ್ನೂ ಅದಾವೇನು, ಹಿಂಗೆ ಹೆಸರು?"

"ಲೆಡಿಕೆನಿ ಅಂತ ಇದೆ. ಲೇಡಿ ಕ್ಯಾನಿಂಗ್ ಅಂತ ಒಬ್ಬ ದೊರೆಸಾನಿ ಹೆಸರು. ನಮ್ಮವರ ಬಾಯಲ್ಲಿ ಲೆಡಿಕೆನಿ ಆಯಿತು. ಅದನ್ನು ಕರಿದು ಪಾಕದಲ್ಲಿ ಹಾಕುತ್ತಾರೆ."

"ದೊರೆಸಾನೀನ ಕರಿದೇ ಬಿಟ್ರಾ?" ಸಿದ್ದಲಿಂಗಮ್ಮ ನಕ್ಕಳು. ಮಿನತಿಯೂ ನಕ್ಕಳು. ನಗುತ್ತಲೇ ಅತ್ತೆ ಕೇಳಿದಳು, "ನಿಮ್ಮವ್ವ ನಿನ್ ಮದುವೆ ಸುದ್ದಿ ಹೇಳಾಕೆ ಇದನ್ನೇ ಹಂಚಿದ್ರೇನು?"

ಮಿನತಿ ಕೈಯಾಡಿಸುವುದನ್ನು ನಿಲ್ಲಿಸಿದಳು. "ಇಲ್ಲ ಅತ್ತೆ. ಅವರೂ ಯಾರಿಗೂ ಹೇಳಿಲ್ಲ."

ಸಿದ್ದಲಿಂಗಮ್ಮ ಒಲೆಯ ಕೊಳ್ಳಿಯೊಂದನ್ನು ಹಿಂದಕ್ಕೆಳೆದಳು. "ತಳ ಹಿಡಿತೈತೆ ನೋಡು," ಎಂದಳು, ಮೆಲ್ಲಗೆ.

ಮರುದಿನ ಬೆಳಿಗ್ಗೆ ಸಂದೇಶ ತುಂಬಿದ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಸಿದ್ದಲಿಂಗಮ್ಮ ಹೊನ್ನಾಳಿ ಬಸ್ಸು ಹತ್ತಿದಳು. ಅಲ್ಲಿಳಿದು ಇನ್ನೊಂದು ಬಸ್ಸು ಹಿಡಿದು ನ್ಯಾಮತಿ ಮುಟ್ಟಿದಳು. ನಿರ್ಮಲಮ್ಮ ಪಡಸಾಲೆಯಲ್ಲೇ ಡಬ್ಬಿ ತೆರೆದಳು. ಅವಳ ಅತ್ತೆಯೂ ಬಗ್ಗಿ ನೋಡಿದರು.

"ಪೇಡೆ ಏನವ್ವಾ? ಯಾರು ಮಾಡಿದ್ದು?"

"ಹೇಳ್ತೀನಿ, ಕೂತ್ಕೋ," ಎಂದ ಸಿದ್ದಲಿಂಗಮ್ಮ, ಎಲ್ಲರಿಗಿಂತ ಮೊದಲು ತಾನೇ ಒಂದನ್ನೆತ್ತಿ, ಅರ್ಧ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುವ ಮೊದಲೇ ಅದು ನಾಲಿಗೆಯ ಮೇಲೆ ಕರಗತೊಡಗಿತು.